ಪರೀಕುಟ್ಟಿಯ ಸಾಲ

ನಮ್ಮ ಚಾಳಿಗೆ ಮೀನು ತರುತ್ತಿದ್ದ ಮಾವಶಿ ಒಂದು ಭಾನುವಾರ ಬೆಳಿಗ್ಗೆ ಬುಟ್ಟಿ ಇಳಿಸುವ ಮೊದಲೇ ನನ್ನ ಮೇಲೆ ಏರಿ ಬಂದಳು. "ಏನಣ್ಣಾ, ನಿಮ್ಮ ಮಲ್ಪೆಯವರಿಗೆ ನಿಮ್ಮೂರಿನ ಸಮುದ್ರ ಸಾಲುವುದಿಲ್ಲವಾ? ರಾತ್ರಿ ಹೊತ್ತು ಬಂದು ನಮ್ಮ ದರಿಯಾ ಗುಡಿಸಿಕೊಂಡು ಹೋಗ್ತಾರಲ್ಲ!"

ಮಾವಶಿ ಅಂದರೆ ತಾಯಿಯ ತಂಗಿ. ಮುಂಬಯಿಯಲ್ಲಿ ಮೀನು ಮಾರುವ ಹೆಂಗಸನ್ನು ಎಲ್ಲರೂ ಹಾಗೇ ಕರೆಯುತ್ತಾರೆ. ಆಕೆ ನನ್ನನ್ನು ಕರೆಯುವುದು 'ಅಣ್ಣಾ' ಎಂದು. ಇದರಲ್ಲಿ ಒಡಹುಟ್ಟಿದ ಅಣ್ಣ ಅರ್ಧ, ದಕ್ಷಿಣದಿಂದ ಬಂದವನು ಎಂಬುದು ಅರ್ಧ. ಆಕೆಯ ತವರು ಮಾಲವಣದ ಕಡೆ. ತಮ್ಮನಿಗೆ ಅಲ್ಲಿ ಚಿಕ್ಕದೊಂದು ದೋಣಿ ಇದೆ. ಹಿಂದಿನ ರಾತ್ರಿ ಅವನು ಫೋನಿನಲ್ಲಿ ತನ್ನ ಬಲೆ ಹರಿದುಹೋದ ಕಥೆ ಹೇಳಿದ್ದನಂತೆ. ಹರಿದದ್ದು ಮಲ್ಪೆಯ ಟ್ರಾಲರ್ ಎಂದು ಅವನ ದೂರು.

ನಾನು ಬ್ಯಾಂಕಿನಲ್ಲಿ ಮೂವತ್ತು ಚಿಲ್ಲರೆ ವರ್ಷ ಲೆಡ್ಜರ್ ನೋಡಿ ನಿವೃತ್ತನಾದವನು. ಬೋಟು ಹತ್ತಿದ್ದಿದ್ದರೆ ಎಲಿಫೆಂಟಾ ನೋಡಲಿಕ್ಕೆ ಮಾತ್ರ. ಊರಿನ ನಮ್ಮ ಮನೆ ಸಮುದ್ರದಿಂದ ಎರಡು ಮೈಲಿ ಒಳಗೆ, ಗದ್ದೆಯ ನಡುವೆ. ಹೀಗಿದ್ದೂ ಆ ಬೆಳಿಗ್ಗೆ ಮಲ್ಪೆಯ ಬೋಟುಗಳ ಪರವಾಗಿ ಉತ್ತರ ಹೇಳಬೇಕಾದವನು ನಾನೇ ಆಗಿಬಿಟ್ಟೆ. "ನೋಡು ಮಾವಶಿ, ಸಮುದ್ರಕ್ಕೇನು ಬೇಲಿ ಇದೆಯಾ?" ಎಂದೆ. ಆಕೆ ಬಂಗುಡೆಯ ತಲೆ ಕತ್ತರಿಸುತ್ತಾ, "ಬೇಲಿ ಇಲ್ಲ ಅಂತಲೇ ನೀವು ಬರೋದು" ಅಂದಳು.

ಆ ವಾರ ನಾನು ತಕಳಿ ಶಿವಶಂಕರ ಪಿಳ್ಳೆಯವರ 'ಚೆಮ್ಮೀನ್' ಕಾದಂಬರಿಯನ್ನು ಮತ್ತೆ ಕೈಗೆತ್ತಿಕೊಂಡೆ. ಕಡಲ ತೀರದಲ್ಲಿ ಹೊರಗಿನವನು ಎಂದರೆ ನನಗೆ ಮೊದಲು ನೆನಪಾಗುವವನು ಆ ಕಾದಂಬರಿಯ ಪರೀಕುಟ್ಟಿ. ಈ ಲೇಖನ ಆ ಎರಡನೇ ಓದಿನ ಫಲ. ಊರಲ್ಲೇ ಇದ್ದಿದ್ದರೆ ನಾನು ಆ ಪುಸ್ತಕವನ್ನು ಹೀಗೆ ಓದುತ್ತಿರಲಿಲ್ಲ ಎಂಬ ಕಾರಣಕ್ಕೆ ಊರಿನಲ್ಲಿರುವ ನಿಮಗೆ ಇದನ್ನು ಹೇಳಬೇಕೆನಿಸಿದೆ.

ಮೊದಲ ಸಲ ಪರಿಚಯವಾದದ್ದು ಪುಸ್ತಕವಲ್ಲ, ಸಿನಿಮಾ. ಮುಂಬಯಿಗೆ ಬಂದ ಹೊಸದರಲ್ಲಿ ಬ್ಯಾಂಕಿನ ಮಲಯಾಳಿ ಗೆಳೆಯನೊಬ್ಬ ಮಾಟುಂಗಾದ ಒಂದು ಸಭಾಂಗಣಕ್ಕೆ ಎಳೆದುಕೊಂಡು ಹೋಗಿದ್ದ. ರಾಮು ಕಾರ್ಯಾಟ್ 1965ರಲ್ಲಿ ಮಾಡಿದ ಈ ಚಿತ್ರ ಆ ವರ್ಷದ ರಾಷ್ಟ್ರಪತಿಗಳ ಚಿನ್ನದ ಪದಕ ಪಡೆಯಿತು. ದಕ್ಷಿಣ ಭಾರತದ ಚಿತ್ರವೊಂದಕ್ಕೆ ಆ ಪದಕ ಬಂದದ್ದು ಅದೇ ಮೊದಲು. ಸಂಗೀತ ಸಲಿಲ್ ಚೌಧುರಿಯವರದು, ಸಂಕಲನ ಹೃಷಿಕೇಶ್ ಮುಖರ್ಜಿಯವರದು, ಕ್ಯಾಮೆರಾ ಮಾರ್ಕಸ್ ಬಾರ್ಟ್ಲಿಯವರದು. ವಿರಹದ ಹಾಡನ್ನು ಹಾಡಿದವರು ನಮ್ಮ ಮುಂಬಯಿಯ ಮನ್ನಾ ಡೇ. ಕೇರಳದ ಕಡಲಿನ ಕಥೆಗೆ ಅರ್ಧಕ್ಕರ್ಧ ಕೈ ಹಾಕಿದವರು ಹೊರಗಿನವರೇ ಎಂಬುದು ಆಗ ನನಗೆ ಹೊಳೆಯಲಿಲ್ಲ. ನಾನು ಶೀಲಾ ಅವರ ಕಣ್ಣು ನೋಡುತ್ತಾ ಕೂತಿದ್ದೆ. ಪಕ್ಕದಲ್ಲಿ ಗೆಳೆಯ ಅಳುತ್ತಿದ್ದ.

ಕಥೆ ನಿಮಗೆ ಗೊತ್ತಿರಬಹುದು. ಬೆಸ್ತರ ಹುಡುಗಿ ಕರುತ್ತಮ್ಮ. ಮೀನು ಕೊಳ್ಳಲು ಬರುವ ಮುಸ್ಲಿಂ ವ್ಯಾಪಾರಿ ಪರೀಕುಟ್ಟಿ. ಇಬ್ಬರಿಗೂ ಪ್ರೀತಿ. ಆದರೆ ತೀರದ ನಂಬಿಕೆ ಬೇರೆ. ಗಂಡ ಕಡಲಲ್ಲಿರುವಾಗ ದಡದಲ್ಲಿರುವ ಹೆಂಡತಿ ಶೀಲವಂತೆಯಾಗಿರಬೇಕು, ಇಲ್ಲದಿದ್ದರೆ ಕಡಲಮ್ಮ ಅವನನ್ನು ನುಂಗುತ್ತಾಳೆ. ಕರುತ್ತಮ್ಮನನ್ನು ಪಳನಿ ಎಂಬ ಗಟ್ಟಿಗನಿಗೆ ಕೊಟ್ಟು ಮದುವೆ ಮಾಡುತ್ತಾರೆ. ಒಂದು ರಾತ್ರಿ ಅವಳು ಪರೀಕುಟ್ಟಿಯನ್ನು ಸೇರುತ್ತಾಳೆ, ಅದೇ ರಾತ್ರಿ ಶಾರ್ಕ್ ಹಿಡಿಯಲು ಹೋದ ಪಳನಿ ಸುಳಿಗೆ ಸಿಕ್ಕಿ ಸಾಯುತ್ತಾನೆ. ಪ್ರೇಮಿಗಳ ಹೆಣ ದಡಕ್ಕೆ ಬರುತ್ತದೆ.

ಸಿನಿಮಾ ನೋಡಿದವರೆಲ್ಲ ಹೇಳುವುದು ಇಷ್ಟೇ. ಪ್ರೀತಿ ಮತ್ತು ಶಾಪ. ನಾನೂ ಇಷ್ಟನ್ನೇ ಹೇಳುತ್ತಿದ್ದೆ. ನಾರಾಯಣ ಮೆನನ್ನರ ಇಂಗ್ಲಿಷ್ ಅನುವಾದದಲ್ಲಿ ಕಾದಂಬರಿಯನ್ನು ಎರಡನೇ ಸಲ ಓದುವಾಗ ಬ್ಯಾಂಕಿನವನ ಕಣ್ಣಿಗೆ ಬೇರೆಯೇ ಒಂದು ಕಥೆ ಕಂಡಿತು. ಅದು ಸಾಲದ ಕಥೆ.

ಕರುತ್ತಮ್ಮನ ಅಪ್ಪ ಚೆಂಬನ್‌ಕುಂಞುವಿಗೆ ಸ್ವಂತ ದೋಣಿ, ಬಲೆ ಬೇಕು. ಬಡವ. ಯಾರು ದೋಣಿ ಕೊಳ್ಳಬಹುದು, ಯಾರು ಕೊಳ್ಳಬಾರದು ಎಂಬುದಕ್ಕೂ ಆ ತೀರದಲ್ಲಿ ಕಟ್ಟುಪಾಡು ಇದೆ, ಹಿರಿಯ ಅರಯನ ಅಪ್ಪಣೆ ಬೇಕು. ಹಾಗಾಗಿ ತನ್ನವರು ಯಾರೂ ಅವನ ಕೈಗೆ ಹಣ ಹಾಕುವುದಿಲ್ಲ. ಹಣ ಕೊಡುವವನು ಹೊರಗಿನವನಾದ ಪರೀಕುಟ್ಟಿ. ಕಾಗದವಿಲ್ಲ, ಸಾಕ್ಷಿಯಿಲ್ಲ. ತನ್ನ ಗುಡಿಸಿಲಲ್ಲಿದ್ದ ಒಣಮೀನನ್ನೂ ರಾತ್ರಿಯಲ್ಲಿ ಹೊತ್ತುಕೊಂಡು ಹೋಗಲು ಬಿಡುತ್ತಾನೆ. ದೋಣಿ ಬಂದ ಮೇಲೆ ಮೀನನ್ನು ಅವನಿಗೇ ಕೊಡಬೇಕೆಂಬುದು ಮಾತು. ದೋಣಿ ಬರುತ್ತದೆ, ಮೀನೂ ಬರುತ್ತದೆ. ಪರೀಕುಟ್ಟಿ ಕೊಳ್ಳಲು ಹೋದರೆ ಚೆಂಬನ್‌ಕುಂಞು ನಗದು ಕೇಳುತ್ತಾನೆ! ಕೊಟ್ಟ ಹಣದ ಸುದ್ದಿಯೇ ಇಲ್ಲ. ಮೀನು ಬೇರೆಯವರಿಗೆ ಹೋಗುತ್ತದೆ. ಪರೀಕುಟ್ಟಿ ಮುಳುಗಿದ್ದು ಪ್ರೀತಿಯಿಂದಲ್ಲ, ಅದಕ್ಕಿಂತ ಮೊದಲೇ ಅವನ ವ್ಯಾಪಾರ ಮುಳುಗಿತ್ತು.

ಈ ಲೆಕ್ಕವನ್ನು ಇಡೀ ಕಾದಂಬರಿಯಲ್ಲಿ ಮನಸ್ಸಿನಲ್ಲಿಟ್ಟುಕೊಂಡವಳು ಕರುತ್ತಮ್ಮ ಒಬ್ಬಳೇ. ಅವನ ಹಣ ವಾಪಸು ಕೊಡಿ ಎಂದು ಅವಳು ಮನೆಯಲ್ಲಿ ಮತ್ತೆ ಮತ್ತೆ ಕೇಳುತ್ತಾಳೆ. ನಾವು ಅದನ್ನು ಪ್ರೀತಿಯ ಚಡಪಡಿಕೆ ಎಂದು ಓದಿಕೊಂಡೆವು. ಇದ್ದೀತು. ಆದರೆ ಸಾಲ ತೀರದ ಮನುಷ್ಯನನ್ನು ಮರೆಯುವುದು ಅಷ್ಟು ಸುಲಭವಲ್ಲ ಎನ್ನುವುದೂ ನಿಜ. ಹಣ ಹೊತ್ತಿಗೆ ತೀರಿದ್ದರೆ ಅವಳು ತಲೆಯೆತ್ತಿ ಮದುವೆಯಾಗಿ ಹೋಗುತ್ತಿದ್ದಳೋ ಏನೋ. ಅವಳ ಪ್ರೀತಿಯೊಳಗೆ ಅಪ್ಪನ ಬಾಕಿಯೂ ಸೇರಿಕೊಂಡಿದೆ. ನನ್ನ ಮಟ್ಟಿಗೆ ಕಾದಂಬರಿಯ ದೊಡ್ಡತನ ಇರುವುದು ಇಲ್ಲಿ.

ಅದರ ಕುಂದೂ ಇಲ್ಲೇ ಪಕ್ಕದಲ್ಲಿದೆ. ಲೆಕ್ಕದ ಕಥೆಯಾಗಿ ಶುರುವಾದದ್ದು ಕೊನೆಗೆ ಶಾಪದ ಕಥೆಯಾಗಿ ಮುಗಿಯುತ್ತದೆ. ಬಾಕಿ ಉಳಿಸಿಕೊಂಡವನು ಗಂಡಸು, ಬೆಲೆ ತೆತ್ತದ್ದು ಹೆಣ್ಣಿನ ಶೀಲ. ತಕಳಿಯವರು ಅಂಬಲಪ್ಪುಳದಲ್ಲಿ ವಕೀಲರಾಗಿದ್ದವರು. ಹುಟ್ಟಿದ ಊರು ಕುಟ್ಟನಾಡಿನ ಗದ್ದೆಗಳ ನಡುವೆ. ಅಂದರೆ ಅವರೂ ನನ್ನ ಹಾಗೆ ಗದ್ದೆ ಕಡೆಯಿಂದ ಕಡಲನ್ನು ಕಂಡವರು. ಹೊರಗಿನಿಂದ ನೋಡುವವರಿಗೆ ಕಡಲಿನವರ ನಂಬಿಕೆ ಬೇಗ ಕಣ್ಣಿಗೆ ಬೀಳುತ್ತದೆ. ಅವರ ಸಂತೆ, ಬಡ್ಡಿ, ಪಾಲು, ಐಸಿನ ಖರ್ಚು ಕಣ್ಣಿಗೆ ಬೀಳಲು ತಡವಾಗುತ್ತದೆ. ತಕಳಿಯವರು ಎರಡನ್ನೂ ಕಂಡರು, ಅದು ಅವರ ಶಕ್ತಿ. ಆದರೆ ಕೊನೆಯ ಮಾತು ಹೇಳುವ ಹೊತ್ತಿಗೆ ನಂಬಿಕೆಗೆ ಒಲಿದರು. ನಾವು ಓದುಗರು, ಪ್ರೇಕ್ಷಕರು ಅದನ್ನೇ ಎತ್ತಿ ಹಿಡಿದೆವು. ಸಾಲದ ವಿಷಯವನ್ನು ಮರೆತೇಬಿಟ್ಟೆವು.

ಕನ್ನಡದವರು ಇದಕ್ಕಿಂತ ಮೇಲೆ ಎಂದು ಹೇಳಿಕೊಳ್ಳುವಂತಿಲ್ಲ. ಕಾರಂತರ 'ಮರಳಿ ಮಣ್ಣಿಗೆ'ಯಲ್ಲಿ ಕಡಲಿದೆ, ಅದರ ಅಬ್ಬರವಿದೆ. ನಾನು ಬಹಳ ಮೆಚ್ಚುವ ಪುಸ್ತಕ. ಆದರೆ ಅದು ಗದ್ದೆಯ ಅಂಚಿನಲ್ಲಿ ನಿಂತು ಕಡಲು ನೋಡಿದವರ ಮನೆಯ ಕಥೆ, ಕಡಲಿಗಿಳಿದವರ ಮನೆಯದಲ್ಲ. ನಮ್ಮ ಮನೆಯ ಅಂಗಳಕ್ಕೆ ಬುಟ್ಟಿ ಹೊತ್ತು ಬರುತ್ತಿದ್ದ ಅಕ್ಕನಿಗೆ ಅಮ್ಮ ಮೀನಿಗೆ ಬದಲು ಅಕ್ಕಿ ಅಳೆದು ಹಾಕುತ್ತಿದ್ದರು. ಆ ಅಕ್ಕ ಚಾವಡಿ ಹತ್ತಿದ್ದನ್ನು ನಾನು ನೋಡಲಿಲ್ಲ. ಎರಡು ಮೈಲಿ ದೂರದ ಅವರ ಮನೆಯನ್ನೂ ನೋಡಲಿಲ್ಲ. ಕೋಳಿವಾಡದ ಮನೆಯೊಳಗೆ ಕೂತು ಚಾ ಕುಡಿದದ್ದು ಊರು ಬಿಟ್ಟು ಐನೂರು ಮೈಲಿ ದೂರ ಬಂದ ಮೇಲೆ, ಈ ಮಾವಶಿಯ ಮಗಳ ಮದುವೆಗೆ ಹೋದಾಗ.

ಅಲ್ಲಿ ನೋಡಿದ್ದು 'ಚೆಮ್ಮೀನ್'ನ ತೀರವಲ್ಲ. ಗಂಡಸರು ಕಡಲಿನಿಂದ ಬರುವವರೆಗೆ ಬಾಗಿಲ ಹಿಂದೆ ಶೀಲ ಕಾಯುತ್ತಾ ಕೂತ ಹೆಂಗಸರು ಯಾರೂ ಇರಲಿಲ್ಲ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಸಸೂನ್ ಡಾಕಿಗೆ ಹೋಗಿ, ಹರಾಜಿನಲ್ಲಿ ಕೂಗಿ, ಐಸು ಕೊಂಡು, ಟೆಂಪೋದವನ ಜತೆ ಚೌಕಾಶಿ ಮಾಡಿ, ಮನೆಯ ಹಣವನ್ನೆಲ್ಲ ಸೊಂಟಕ್ಕೆ ಸಿಕ್ಕಿಸಿಕೊಂಡ ಹೆಂಗಸರು. ನಾರಳೀ ಪೌರ್ಣಿಮೆಯ ದಿನ ಕಡಲಿಗೆ ತೆಂಗಿನಕಾಯಿ ಬಿಡುವುದು ಇಲ್ಲೂ ಉಂಟು, ನಮ್ಮಲ್ಲಿ ಮೊಗವೀರರು ಸಮುದ್ರ ಪೂಜೆ ಮಾಡುವ ಹಾಗೇ. ಭಕ್ತಿಗೇನೂ ಕಡಿಮೆ ಇಲ್ಲ. ಆದರೆ ಮಾವಶಿಯ ಬಾಯಲ್ಲಿ ಕಡಲು ಕೋಪಿಸಿಕೊಳ್ಳುವುದು ಹೆಂಗಸಿನ ಶೀಲಕ್ಕಲ್ಲ, ಡೀಸೆಲಿಗೆ, ಪ್ಲಾಸ್ಟಿಕ್ಕಿಗೆ, ಪರ್ಸೀನ್ ಬಲೆಗೆ.

ಈಗ ಆ ಜಗಳಕ್ಕೆ ಬರುತ್ತೇನೆ. ಮಾವಶಿ ಬೈದ ಮೇಲೆ ಮರಾಠಿ ಪೇಪರಿನಲ್ಲಿ ನನ್ನ ಕಣ್ಣು ಒಂದೇ ಬಗೆಯ ಸುದ್ದಿಯ ಮೇಲೆ ಬೀಳತೊಡಗಿತು. ಮಾಲವಣ, ದೇವಗಡ, ವೆಂಗುರ್ಲೆಯ ನೀರಿನಲ್ಲಿ ಮಲ್ಪೆಯ ಹೈಸ್ಪೀಡ್ ಟ್ರಾಲರುಗಳು, ಅವುಗಳನ್ನು ಅಡ್ಡಗಟ್ಟಿದ ಅಲ್ಲಿನ ಮೀನುಗಾರರು, ಬೋಟು ಜಪ್ತಿ, ದಂಡ. ಜತೆಗೆ ಒಂದು ಪದ: 'ಪರಪ್ರಾಂತೀಯ'. ಮುಂಬಯಿ ಕನ್ನಡಿಗರಿಗೆ ಈ ಪದ ಚುಚ್ಚುತ್ತದೆ. 1966ರಲ್ಲಿ ಶಿವಸೇನೆ ಹುಟ್ಟಿದ ಮೇಲೆ ಲುಂಗಿಯವರನ್ನು ಓಡಿಸಿ ಎಂಬ ಕೂಗು ಎದ್ದದ್ದು, ಉಡುಪಿ ಹೊಟೇಲುಗಳ ಮೇಲೆ ಕಲ್ಲು ಬಿದ್ದದ್ದು ನಮ್ಮ ಹಿರಿಯರ ನೆನಪಿನಲ್ಲಿತ್ತು. ಹಾಗಾಗಿ 'ಪರಪ್ರಾಂತೀಯ' ಅಂದ ಕೂಡಲೇ ನಾವು ತಪ್ಪಿಲ್ಲದೆ ಬೈಸಿಕೊಂಡವರು ಎಂದೇ ನನಗೆ ಅನ್ನಿಸುತ್ತದೆ. ಈ ಸಲ ಅಷ್ಟು ಸುಲಭವಾಗಲಿಲ್ಲ.

ಕಾನೂನಿನ ಪ್ರಕಾರ ದಡದಿಂದ ಹನ್ನೆರಡು ನಾಟಿಕಲ್ ಮೈಲಿಯವರೆಗೆ ಮೀನುಗಾರಿಕೆ ಆಯಾ ರಾಜ್ಯದ ಕೈಯಲ್ಲಿದೆ. ಮಹಾರಾಷ್ಟ್ರದ ಕಾಯಿದೆ 1981ರದು, ನಮ್ಮ ಕರ್ನಾಟಕದ್ದು 1986ರದು. ಎರಡೂ ಕಡೆ ದೊಡ್ಡ ಬೋಟುಗಳನ್ನು ದಡದಿಂದ ದೂರ ಇಡುವುದು, ಚಿಕ್ಕ ದೋಣಿಗಳಿಗೆ ಹತ್ತಿರದ ನೀರು ಬಿಡುವುದು ಇದರ ಒಂದು ಉದ್ದೇಶ. ಸಮುದ್ರಕ್ಕೆ ಬೇಲಿ ಇಲ್ಲ ಎಂದು ನಾನು ಮಾವಶಿಗೆ ಹೇಳಿದ್ದು ಕೇಳಲು ಚೆಂದ, ಆದರೆ ಸುಳ್ಳು. ಬೆಳಕು ಬಿಟ್ಟು ಮೀನು ಸೆಳೆಯುವ ಎಲ್‌ಇಡಿ ಮೀನುಗಾರಿಕೆಯನ್ನು, ಎರಡು ಬೋಟು ಸೇರಿ ಎಳೆಯುವ ಬುಲ್ ಟ್ರಾಲಿಂಗನ್ನು ಕೇಂದ್ರ ಸರ್ಕಾರ 2017ರ ನವೆಂಬರಿನಲ್ಲಿ ದೂರದ ನೀರಿನಲ್ಲೂ ನಿಷೇಧಿಸಿತು. ಬರೀ ಹೊರಗಿನವರ ಮೇಲಿನ ಸಿಟ್ಟಾಗಿದ್ದರೆ ಇಷ್ಟೆಲ್ಲ ಬೇಕಿರಲಿಲ್ಲ. ಮಾಲವಣದ ಚಿಕ್ಕ ಮೀನುಗಾರರು ತಮ್ಮದೇ ರಾಜ್ಯದ ಪರ್ಸೀನ್ ಬೋಟುಗಳ ವಿರುದ್ಧವೂ ವರ್ಷಗಟ್ಟಲೆ ಕೂಗಿದ್ದಾರೆ. 2016ರ ಫೆಬ್ರವರಿಯಲ್ಲಿ ಮಹಾರಾಷ್ಟ್ರ ಸರ್ಕಾರ ಪರ್ಸೀನಿಗೆ ಕಟ್ಟುಪಾಡು ಹಾಕಿತು.

ಆ ಮೀನುಗಾರರು ಉಳಿಸಿಕೊಳ್ಳಲು ಹೆಣಗುತ್ತಿರುವ ಬಲೆಯ ಹೆಸರು 'ರಾಪಣ'. ಕೇಳಿದೊಡನೆ ನನಗೆ ಮೈ ಜುಮ್ಮೆಂದಿತು. ಅದು ನಮ್ಮ 'ರಂಪಣಿ'ಯೇ! ಗೋವಾದಲ್ಲಿ 'ರಾಂಪೊಣ್', ಅದನ್ನು ಎಳೆಯುವವರು ರಾಂಪೊಣ್‌ಕಾರರು. ಚಿಕ್ಕಂದಿನಲ್ಲಿ ನಾನು ನೋಡಿದ್ದೇನೆ. ದಡದಿಂದ ದೋಣಿಯಲ್ಲಿ ಬಲೆಯನ್ನು ಅರ್ಧಚಂದ್ರದ ಹಾಗೆ ಬಿಟ್ಟುಕೊಂಡು ಬಂದು, ಎರಡೂ ತುದಿ ಹಿಡಿದು ಹತ್ತಾರು ಮಂದಿ ಹೋ ಎಂದು ಎಳೆಯುವುದು. ಬಂದ ಬಂಗುಡೆ, ಬೂತಾಯಿಯಲ್ಲಿ ಎಳೆದವರಿಗೆಲ್ಲ ಪಾಲು. 1970ರ ದಶಕದ ನಡುವಿನಿಂದ ನಮ್ಮ ಕರಾವಳಿಗೆ ಪರ್ಸೀನ್ ಬೋಟುಗಳು ಬಂದವು. ಮೀನಿನ ಹಿಂಡು ದಡ ಮುಟ್ಟುವ ಮೊದಲೇ ಕಡಲಲ್ಲೇ ಅದನ್ನು ಸುತ್ತುಗಟ್ಟಿ ಎತ್ತುವ ಬಲೆ ಅದು. ರಂಪಣಿಯವರು ಪ್ರತಿಭಟಿಸಿದರು, ಸೋತರು. ಕೆಲವೇ ವರ್ಷಗಳಲ್ಲಿ ದೊಡ್ಡ ರಂಪಣಿ ದಡದಿಂದ ಮಾಯವಾಯಿತು, ಕೈರಂಪಣಿ ಅಲ್ಲಲ್ಲಿ ಉಳಿಯಿತು. ಎಳೆಯುತ್ತಿದ್ದವರಲ್ಲಿ ಎಷ್ಟೋ ಮಂದಿ ಬೋಟಿನ ಕೂಲಿಯಾದರು. ಇನ್ನು ಕೆಲವರು ಸಾಲ ಮಾಡಿ ತಾವೇ ಬೋಟಿನವರಾದರು.

ಅಂದರೆ ಇವತ್ತು ಮಾಲವಣದಲ್ಲಿ ಬೈಸಿಕೊಳ್ಳುತ್ತಿರುವ ಬೋಟಿನವರು ನಿನ್ನೆ ನಮ್ಮೂರಿನಲ್ಲಿ ಇದೇ ಕಾರಣಕ್ಕೆ ಬೈದವರ ಮಕ್ಕಳೂ ಆಗಿರಬಹುದು. ಅವರೇ ನಮ್ಮ ಚೆಂಬನ್‌ಕುಂಞು. ಅವನು ಕೆಟ್ಟವನಾಗಿ ಹುಟ್ಟಿದವನಲ್ಲ. ದೋಣಿ ಇಲ್ಲದವನಿಗೆ ದೋಣಿಯ ಆಸೆ, ದೋಣಿ ಬಂದ ಮೇಲೆ ಎರಡನೆಯದರ ಆಸೆ. ಬೋಟಿನ ಮೇಲೆ ಬ್ಯಾಂಕಿನ ಸಾಲ ಇರುವವನು ಮೀನು ಇದ್ದಲ್ಲಿಗೆ ಹೋಗಲೇಬೇಕು. ಕಂತು ಹನ್ನೆರಡು ಮೈಲಿಯ ಗೆರೆ ನೋಡುವುದಿಲ್ಲ. ಇದನ್ನು ನಾನು ಹೇಳುತ್ತಿರುವುದು ಸಾಲ ಕೊಡುವ ಮೇಜಿನ ಈಚೆ ಕೂತ ಅನುಭವದಿಂದ.

ಮುಂಬಯಿಯಲ್ಲೇ ಹುಟ್ಟಿ ಬೆಳೆದ ಒಬ್ಬ ಮೊಗವೀರ ಸ್ನೇಹಿತರ ಹತ್ತಿರ ಇದನ್ನೆಲ್ಲ ಹೇಳಿದೆ. ಇಲ್ಲಿನ ಮೊಗವೀರ ವ್ಯವಸ್ಥಾಪಕ ಮಂಡಳಿ 1902ರದು, ನಮ್ಮ ಜನ ಕಟ್ಟಿದ ಹಳೆಯ ಸಂಸ್ಥೆಗಳಲ್ಲಿ ಒಂದು. ಕಡಲು ಬಿಟ್ಟು ಬಂದವರು ಹೊಟೇಲು, ಗಿರಣಿ, ಆಫೀಸುಗಳಲ್ಲಿ ದುಡಿದು ಅದನ್ನು ಬೆಳೆಸಿದರು. ಸ್ನೇಹಿತರು ನನ್ನ ಮಾತು ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ನೀವು ಹೇಳುವುದು ಸರಿಯೇ ಮಾರಾಯ್ರೆ. ಆದರೆ ಬೋಟಿನಲ್ಲಿ ಹೋಗುವವನ ಹೆಂಡತಿಗೆ ಈ ಲೆಕ್ಕ ಹೇಳಬೇಡಿ" ಎಂದರು.

ಅವರು ಏಕೆ ಹಾಗೆಂದರು ಎಂದು ಅರ್ಥವಾಯಿತು. 2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಹೊರಟ 'ಸುವರ್ಣ ತ್ರಿಭುಜ' ಬೋಟು ಏಳು ಮಂದಿಯೊಂದಿಗೆ ಕಾಣೆಯಾದ ದಿನಗಳವು. ಏಳರಲ್ಲಿ ಐವರು ಉತ್ತರ ಕನ್ನಡದವರು, ಇಬ್ಬರು ಉಡುಪಿ ಜಿಲ್ಲೆಯವರು. ಮಹಾರಾಷ್ಟ್ರದ ಕಡೆಯವರು ಹಿಡಿದಿಟ್ಟಿರಬಹುದು ಎಂಬ ಮಾತು ನಮ್ಮ ನಡುವೆ ಓಡಾಡುತ್ತಿತ್ತು. ನಾನೂ ಅದನ್ನು ಇಬ್ಬರಿಗೆ ದಾಟಿಸಿದವನೇ. 2019ರ ಮೇ ತಿಂಗಳಲ್ಲಿ ಮಾಲವಣದ ಕಡಲ ತಳದಲ್ಲಿ ನೌಕಾಪಡೆಗೆ ಅದರ ಅವಶೇಷ ಸಿಕ್ಕಿತು. ಏಳು ಮಂದಿ ಮರಳಲಿಲ್ಲ. ಆ ಸುದ್ದಿ ಬಂದ ದಿನ ಮಾವಶಿ ಮೀನು ತಂದಿದ್ದಳು. ಜಗಳದ ಮಾತು ಆಡಲಿಲ್ಲ. "ಬೋಟಿನವರ ಮನೆಯಲ್ಲಿ ಯಾರಾದರೂ ನಿಮಗೆ ಗೊತ್ತಾ ಅಣ್ಣಾ?" ಎಂದು ಕೇಳಿದಳು. ಗೊತ್ತಿಲ್ಲ ಎಂದೆ. ಬುಟ್ಟಿ ಎತ್ತಿಕೊಂಡು ಹೋದಳು.

'ಚೆಮ್ಮೀನ್'ನಲ್ಲಿ ಇದಕ್ಕೆ ಹತ್ತಿರವಾದ ಪಾತ್ರ ಪಳನಿ. ಪ್ರೇಮಕಥೆಯ ಗದ್ದಲದಲ್ಲಿ ನಾವು ಅವನನ್ನು ಮರೆತಿದ್ದೇವೆ. ಅಪ್ಪ ಅಮ್ಮ ಯಾರೆಂದು ತಿಳಿಯದ ಅನಾಥ. ಕಡಲಲ್ಲಿ ಅವನಷ್ಟು ಗಟ್ಟಿಗ ಇಲ್ಲ, ದಡದಲ್ಲಿ ಅವನಿಗೆ ಯಾರೂ ಇಲ್ಲ. ಹೆಂಡತಿಯ ಬಗ್ಗೆ ಗುಸುಗುಸು ಎದ್ದದ್ದೇ ಜತೆಯವರು ಅವನೊಂದಿಗೆ ದೋಣಿ ಹತ್ತಲು ಒಪ್ಪುವುದಿಲ್ಲ. ಅವನು ಒಬ್ಬನೇ ಗಾಳ ಹಿಡಿದು ಹೋಗಬೇಕಾಗುತ್ತದೆ, ಒಬ್ಬನೇ ಸಾಯುತ್ತಾನೆ. ಅವನನ್ನು ಕೊಂದದ್ದು ಕಡಲಮ್ಮನ ಶಾಪ ಎಂದು ಕಥೆ ಹೇಳುತ್ತದೆ. ಅಂಥ ರಾತ್ರಿ ಅವನ ಪಕ್ಕದಲ್ಲಿ ಇನ್ನೊಂದು ಹುಟ್ಟು ಹಾಕುವ ಕೈ ಇರಲಿಲ್ಲ ಎಂಬುದೂ ಅದೇ ಕಥೆಯಲ್ಲಿದೆ. ಮೀನುಗಾರನನ್ನು ಹೊರಗಿನವನನ್ನಾಗಿ ಮಾಡಲು ಹೊರಗಿನವರೇ ಬೇಕಿಲ್ಲ. ಇವತ್ತು ಮಲ್ಪೆಯ ಬೋಟುಗಳಲ್ಲಿ ಒಡಿಶಾ, ಆಂಧ್ರದ ಹುಡುಗರಿದ್ದಾರೆ, ರತ್ನಾಗಿರಿಯ ಬೋಟುಗಳಲ್ಲಿ ನೇಪಾಳದವರು. ಜಪ್ತಿಯಾದ ಬೋಟಿನಲ್ಲಿ ಸಿಕ್ಕಿಬೀಳುವವರು ಅವರು. ಪೇಪರಿನಲ್ಲಿ ಬರುವುದು ಬೋಟಿನ ಹೆಸರು, ಬಂದರಿನ ಹೆಸರು.

ಹಾಗಾದರೆ ಎಲ್ಲರೂ ಎಲ್ಲರಿಗೂ ಹೊರಗಿನವರೇ, ಯಾರ ಮೇಲೂ ತಪ್ಪಿಲ್ಲ ಎನ್ನೋಣವೆ? ನಾನು ಹಾಗೆ ಹೇಳಲಾರೆ. ವರ್ಲಿಯ ದಡದಲ್ಲಿ ನಡೆದದ್ದನ್ನೇ ನೋಡಿ. ಕೋಸ್ಟಲ್ ರೋಡಿನ ಸೇತುವೆ ಬಂದಾಗ ಅಲ್ಲಿನ ಕೋಳಿಗಳು ಕೇಳಿದ್ದು ರಸ್ತೆ ಬೇಡ ಎಂದಲ್ಲ. ತಮ್ಮ ದೋಣಿಗಳು ಹೊರಡುವ ದಾರಿಯಲ್ಲಿ ಕಂಬಗಳ ನಡುವೆ ಅಂತರ ಹೆಚ್ಚಿಸಿ ಎಂದು. ಅಲೆ ಎದ್ದಾಗ 60 ಮೀಟರಿನ ಸಂದಿಯಲ್ಲಿ ದೋಣಿ ಕಂಬಕ್ಕೆ ಬಡಿಯುತ್ತದೆ ಎಂದು ವರ್ಷಗಟ್ಟಲೆ ಹೇಳಿದರು. 2022ರ ಕೊನೆಗೆ ಸರ್ಕಾರ 120 ಮೀಟರಿಗೆ ಒಪ್ಪಿತು. 2024ರ ಮಾರ್ಚಿನಿಂದ ಹಂತ ಹಂತವಾಗಿ ತೆರೆದ ಆ ರಸ್ತೆಯಲ್ಲಿ ನಾನೂ ಮಗನ ಕಾರಿನಲ್ಲಿ ಹೋಗಿದ್ದೇನೆ. ಹತ್ತು ನಿಮಿಷದಲ್ಲಿ ಮರೀನ್ ಡ್ರೈವ್ ಮುಟ್ಟಿದ ಖುಷಿ. ಕೆಳಗೆ ಕಂಬಗಳ ನಡುವೆ ಒಂದು ದೋಣಿ ಹೋಗುತ್ತಿತ್ತು. ಆ ಹತ್ತು ನಿಮಿಷಕ್ಕೆ ಬಂಡವಾಳ ಹಾಕಿದವರಲ್ಲಿ ಆ ದೋಣಿಯವನೂ ಒಬ್ಬ. ಅವನಿಗೂ ಕಾಗದವಿಲ್ಲ, ಸಾಕ್ಷಿಯಿಲ್ಲ, ಪರೀಕುಟ್ಟಿಗೆ ಇರಲಿಲ್ಲವಲ್ಲ, ಹಾಗೆ.

ಊರಿನಲ್ಲಿ ಹೊನ್ನಾವರದ ಕಾಸರಕೋಡು ಟೊಂಕದಲ್ಲಿ, ಅಂಕೋಲೆಯ ಕೇಣಿಯಲ್ಲಿ ಬಂದರು ಬೇಡವೆಂದು ಮೀನುಗಾರರು ಬೀದಿಗಿಳಿದ ಸುದ್ದಿ ಓದುವಾಗ ನೀವು ಏನೆಂದುಕೊಳ್ಳುತ್ತೀರೋ ನನಗೆ ತಿಳಿಯದು. 'ಅಭಿವೃದ್ಧಿಗೆ ಅಡ್ಡಿ' ಎಂದೋ, 'ಪಾಪ, ಮುಗ್ಧ ಜನ' ಎಂದೋ ಹೇಳುವವರೇ ಹೆಚ್ಚು. ಎರಡೂ ದಡದ ಮೇಲಿನಿಂದ ಆಡುವ ಮಾತು. ಯಾರಿಂದ ಏನು ಪಡೆದೆವು, ಎಷ್ಟು ಬಾಕಿ ಉಳಿಯಿತು ಎಂದು ಒಂದು ಸಲ ಕೂತು ಕೂಡಿ ಕಳೆದರೆ ಸಾಕು. ಕರುತ್ತಮ್ಮ ಅಪ್ಪನನ್ನು ಕೇಳಿದ್ದು ಅಷ್ಟನ್ನೇ.

ನಮ್ಮ ಚಾಳು ಈಗ ಇಲ್ಲ, ಅದರ ಜಾಗದಲ್ಲಿ ಲಿಫ್ಟ್ ಇರುವ ಕಟ್ಟಡ ಎದ್ದಿದೆ. ಮೀನು ಮಾರುವವರು ಒಳಗೆ ಬರಬಾರದು, ವಾಸನೆ ಎಂದು ಸೊಸೈಟಿಯ ಬೋರ್ಡಿದೆ. ಆ ಮೀಟಿಂಗಿನಲ್ಲಿ ನಾನೂ ಕೂತಿದ್ದೆ, ಕೈ ಎತ್ತಲಿಲ್ಲ, ಬೇಡವೆಂದೂ ಹೇಳಲಿಲ್ಲ. ಮಾವಶಿ ಗೇಟಿನ ಹೊರಗೆ ಕೂರುತ್ತಾಳೆ. ಕೆಲಸಕ್ಕೆ ಸೇರಿದ ಮೊದಲ ವರ್ಷ ತಿಂಗಳ ಕೊನೆಯಲ್ಲಿ ಕೈ ಖಾಲಿಯಾದಾಗ ಆಕೆಯ ಅತ್ತೆ ನನಗೆ ಬಂಗುಡೆಯನ್ನು ಉದ್ದರಿ ಕೊಡುತ್ತಿದ್ದರು. ಪುಸ್ತಕದಲ್ಲಿ ಬರೆಯುತ್ತಿರಲಿಲ್ಲ, ನೆನಪಿಟ್ಟುಕೊಳ್ಳುತ್ತಿದ್ದರು. ಎಲ್ಲ ತೀರಿಸಿದ್ದೇನೆ ಎಂದೇ ಇಷ್ಟು ದಿನ ಅಂದುಕೊಂಡಿದ್ದೆ.